ವೈದ್ಯಕೀಯ ಪ್ರಮಾದಗಳು: ಮುಚ್ಚಿಡುವುದೇ, ಕಲಿಯುವುದೇ?

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ರಾತ್ರಿ ಎರಡು ಗಂಟೆಯ ಸಮಯ. ಆಸ್ಪತ್ರೆಯ ವಾರ್ಡೊಂದರಲ್ಲಿ ಮೂವತ್ತು ರೋಗಿಗಳಿದ್ದಾರೆ. ಅವರನ್ನು ನೋಡಿಕೊಳ್ಳಲು ಒಬ್ಬಳೇ ನರ್ಸ್. ರೋಗಿಯೊಬ್ಬನಿಗೆ ಇಂಜೆಕ್ಷನ್ ಕೊಟ್ಟು ಮರಳಿದ ಆ ಸಹೋದರಿ ಖಾಲಿ ಔಷಧಿ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಬೇಕೆನ್ನುವಾಗ ಅದರ ಮೇಲಿನ ಹೆಸರು ಕಣ್ಣಿಗೆ ಬೀಳುತ್ತದೆ. ಅದು ವೈದ್ಯರು ಬರೆದುಕೊಟ್ಟ ಔಷಧಿಯಲ್ಲ! ಅದೇ ಗಾತ್ರದ, ಅದೇ ಬಣ್ಣದ ಚೀಟಿಯಿರುವ, ಪಕ್ಕದಲ್ಲೇ ಇಟ್ಟಿದ್ದ ಬೇರೊಂದು ಔಷಧಿ.

ಯಾರೂ ನೋಡಿಲ್ಲ. ರೋಗಿ ನಿದ್ದೆಯಲ್ಲಿದ್ದಾನೆ. ಬಾಟಲಿಯನ್ನು ಡಬ್ಬಿಗೆ ಹಾಕಿ ಮುಚ್ಚಿಬಿಟ್ಟರೆ ವಿಷಯ ಅಲ್ಲಿಗೇ ಮುಗಿಯಿತು. ವೈದ್ಯರನ್ನು ಎಬ್ಬಿಸಿ ಹೇಳಿದರೆ ರೋಗಿಗೆ ತಕ್ಷಣ ಮರುಚಿಕಿತ್ಸೆ ಸಿಗಬಹುದು. ಆದರೆ ತನ್ನ ಕೆಲಸ ಹೋಗಬಹುದು, ಮಾನ ಹೋಗಬಹುದು, ಕೋರ್ಟಿನ ಮೆಟ್ಟಲು ಹತ್ತಬೇಕಾಗಿ ಬರಬಹುದು. ಈಗ ಆಕೆ ಏನು ಮಾಡಬೇಕು?

ಈ ಪ್ರಶ್ನೆ ಆಸ್ಪತ್ರೆಯವರಿಗೆ ಮಾತ್ರ ಸಂಬಂಧಿಸಿದ್ದೆಂದು ನೀವು ಭಾವಿಸಬೇಡಿ. ಇಂದು ನಮ್ಮ ಮನೆಗಳಲ್ಲೇ ವೈದ್ಯರು, ನರ್ಸ್‌ಗಳು, ಔಷಧಿ ಅಂಗಡಿಯವರು, ಲ್ಯಾಬ್ ಟೆಕ್ನಿಶಿಯನ್ನರು ಇದ್ದಾರೆ. ನಮ್ಮ ಮಕ್ಕಳನ್ನು ಈ ವೃತ್ತಿಗೆ ಕಳುಹಿಸಲು ನಾವು ಹಂಬಲಿಸುತ್ತೇವೆ. ರೋಗಿಗಳಂತೂ ನಾವೆಲ್ಲರೂ ಒಂದಲ್ಲ ಒಂದು ದಿನ ಆಗುವವರೇ. ಆದ್ದರಿಂದ ಚಿಕಿತ್ಸೆಯಲ್ಲಿ ಸಂಭವಿಸುವ ತಪ್ಪನ್ನು ಒಬ್ಬ ಸತ್ಯವಿಶ್ವಾಸಿ ಹೇಗೆ ಕಾಣಬೇಕು, ಅದರಿಂದ ಏನನ್ನು ಕಲಿಯಬೇಕು ಎಂಬುದನ್ನು ನಾವು ಅರಿತುಕೊಳ್ಳುವುದು ಅಗತ್ಯ.

ಪ್ರಮಾದ ಮನುಷ್ಯ ಸಹಜ

ಮನುಷ್ಯ ತಪ್ಪು ಮಾಡದ ಜೀವಿ ಎಂದು ಇಸ್ಲಾಮ್ ಎಲ್ಲಿಯೂ ಹೇಳಿಲ್ಲ. ಆದಮರ ಸಂತತಿಯೆಲ್ಲವೂ ತಪ್ಪೆಸಗುವಂಥದ್ದು, ಅವರಲ್ಲಿ ಪಶ್ಚಾತ್ತಾಪ ಪಟ್ಟು ಮರಳುವವರೇ ಉತ್ತಮರು ಎಂಬ ಅರ್ಥದ ಪ್ರವಾದಿ ವಚನವನ್ನು ಇಮಾಮ್ ತಿರ್ಮಿದಿ(ರ) ಉದ್ಧರಿಸಿದ್ದಾರೆ. ಅಲ್‌ಬಕರಃ ಅಧ್ಯಾಯದ ಕೊನೆಯಲ್ಲಿ, ನಾವು ಮರೆತರೆ ಅಥವಾ ಪ್ರಮಾದವೆಸಗಿದರೆ ನಮ್ಮನ್ನು ಹಿಡಿಯಬೇಡ ಎಂದು ಪ್ರಾರ್ಥಿಸಲು ಅಲ್ಲಾಹನೇ ನಮಗೆ ಕಲಿಸಿಕೊಟ್ಟಿದ್ದಾನೆ. ತಿಳಿಯದೆ ಆದ ತಪ್ಪಿಗೆ ದೋಷವಿಲ್ಲ, ಹೃದಯಗಳು ಉದ್ದೇಶಪೂರ್ವಕ ಮಾಡಿದ್ದಕ್ಕೆ ದೋಷವಿದೆ ಎಂಬ ತತ್ವವನ್ನು ಅಲ್‌ಅಹ್‌ಝಾಬ್ ಅಧ್ಯಾಯದಲ್ಲಿ ಕಾಣುತ್ತೇವೆ.

ವೈದ್ಯ ಜಗತ್ತು ಈ ಸತ್ಯವನ್ನು ಬಹಿರಂಗವಾಗಿ ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು ಪ್ರಕಟಿಸಿದ ವರದಿಯು, ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದಾಗಿ ಪ್ರತಿವರ್ಷ 44,000ದಿಂದ 98,000ದಷ್ಟು ಜನರು ಸಾಯುತ್ತಿರಬಹುದೆಂದು ಅಂದಾಜಿಸಿತು. ಜಗತ್ತು ಬೆಚ್ಚಿಬಿತ್ತು. ಆದರೆ ಆ ವರದಿಯ ಮುಖ್ಯ ಮಾತು ಸಾವಿನ ಲೆಕ್ಕದಲ್ಲಿರಲಿಲ್ಲ. ಈ ತಪ್ಪುಗಳನ್ನು ಮಾಡಿದವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಅಸಮರ್ಥರೂ ಅಲ್ಲ; ಒಳ್ಳೆಯವರೂ ತಪ್ಪು ಮಾಡುವಂತೆ ಕೆಲಸದ ವ್ಯವಸ್ಥೆಯೇ ಇದೆ ಎಂಬುದೇ ಅದರ ತಿರುಳಾಗಿತ್ತು. 2019ರಿಂದ ವಿಶ್ವ ಆರೋಗ್ಯ ಸಂಸ್ಥೆಯು ಸೆಪ್ಟೆಂಬರ್ 17ನ್ನು ರೋಗಿಗಳ ಸುರಕ್ಷತೆಯ ದಿನವಾಗಿ ಆಚರಿಸುತ್ತಿದೆ.

ತಪ್ಪು ಮನುಷ್ಯ ಸಹಜ ಎಂದ ಮಾತ್ರಕ್ಕೆ ಅದನ್ನು ಲಘುವಾಗಿ ಪರಿಗಣಿಸಬಹುದೇ? ಇಲ್ಲ. ಇದಕ್ಕೆ ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆ ಸಾಕ್ಷಿಯಾಗಿದೆ.

ತಲೆಗೆ ಗಾಯವಾದವನ ಘಟನೆ

ಹಝ್ರತ್ ಜಾಬಿರ್(ರ) ವರದಿ ಮಾಡಿದ, ಅಬೂದಾವೂದ್ ಸಂಗ್ರಹದಲ್ಲಿರುವ ಘಟನೆಯಿದು. ಪ್ರಯಾಣದಲ್ಲಿದ್ದ ಒಂದು ತಂಡದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಬಳಿಕ ಅವರಿಗೆ ಸ್ನಾನ ಕಡ್ಡಾಯವಾಗುವ ಸ್ಥಿತಿ ಬಂತು. ಗಾಯವಿರುವುದರಿಂದ ನನಗೆ ತಯಮ್ಮುಮ್‌ನ ರಿಯಾಯಿತಿ ಇದೆಯೇ ಎಂದು ಅವರು ಸಂಗಡಿಗರಲ್ಲಿ ವಿಚಾರಿಸಿದರು. ನೀರು ಸಿಗುವಾಗ ರಿಯಾಯಿತಿ ಇಲ್ಲವೆಂದು ಸಂಗಡಿಗರು ಹೇಳಿದರು. ಆ ವ್ಯಕ್ತಿ ಸ್ನಾನ ಮಾಡಿದರು, ಮೃತಪಟ್ಟರು.

ಸುದ್ದಿ ತಿಳಿದ ಪ್ರವಾದಿವರ್ಯರು(ಸ) ತೀವ್ರವಾಗಿ ನೊಂದರು, ಕೋಪಗೊಂಡರು. ಅವರು ಆತನನ್ನು ಕೊಂದುಬಿಟ್ಟರು ಎಂದೇ ಹೇಳಿದರು. ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳುವುದೇ ಅಲ್ಲವೇ ಎಂದು ಪ್ರಶ್ನಿಸಿದರು. ಆ ಗಾಯಾಳುವಿಗೆ ತಯಮ್ಮುಮ್ ಸಾಕಾಗುತ್ತಿತ್ತು ಎಂದು ಸರಿಯಾದ ವಿಧಾನವನ್ನೂ ತಿಳಿಸಿದರು.

ಈ ಘಟನೆಯಲ್ಲಿ ಮೂರು ಅಂಶಗಳನ್ನು ಗಮನಿಸಿರಿ. ಒಂದು, ಸಂಗಡಿಗರ ಉದ್ದೇಶ ಕೆಟ್ಟದಾಗಿರಲಿಲ್ಲ. ಧರ್ಮದ ಆದೇಶವನ್ನು ಪಾಲಿಸಬೇಕೆಂಬ ಕಾಳಜಿಯೇ ಅವರಲ್ಲಿತ್ತು. ಆದರೂ ಪ್ರವಾದಿವರ್ಯರು(ಸ) ಸಾವಿನ ಕಾರಣವನ್ನು ಮರೆಮಾಚಲಿಲ್ಲ. ಎರಡು, ಆತನ ಆಯುಷ್ಯ ಮುಗಿದಿತ್ತು ಎಂದು ಹೇಳಿ ಸುಮ್ಮನಾಗಲಿಲ್ಲ. ಮೂರು, ಖಂಡನೆಯಲ್ಲೇ ನಿಲ್ಲಿಸಲಿಲ್ಲ. ಇನ್ನೊಬ್ಬನು ಹೀಗೆ ಸಾಯಬಾರದು ಎಂಬುದಕ್ಕಾಗಿ ದಾರಿ ತೋರಿಸಿದರು. ಇಂದಿಗೂ ಗಾಯಾಳುಗಳ ತಯಮ್ಮುಮ್‌ನ ಚರ್ಚೆಯಲ್ಲಿ ನಮ್ಮ ವಿದ್ವಾಂಸರು ಈ ಘಟನೆಯನ್ನು ಉಲ್ಲೇಖಿಸುತ್ತಾರೆ. ಒಂದು ಸಾವು ಸಾವಿರಾರು ಜನರಿಗೆ ಪಾಠವಾಯಿತು. ತಪ್ಪಿನಿಂದ ಕಲಿಯುವುದೆಂದರೆ ಇದೇ.

ಬಗ್ದಾದಿನಲ್ಲಿ ನಡೆದ ಪರೀಕ್ಷೆ

ಮುಸ್ಲಿಮ್ ಸಮಾಜವು ಈ ಪಾಠವನ್ನು ಆಡಳಿತದಲ್ಲಿಯೂ ಅಳವಡಿಸಿಕೊಂಡಿತು. ಹಿಜರಿ 319, ಅಂದರೆ ಕ್ರಿ.ಶ. 931ರಲ್ಲಿ, ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ಸತ್ತನೆಂಬ ಸುದ್ದಿ ಅಬ್ಬಾಸೀ ಖಲೀಫಾ ಅಲ್‌ಮುಕ್ತದಿರ್‌ಗೆ ತಲುಪಿತು. ಅವರು ಆ ಒಬ್ಬ ವೈದ್ಯನ ಕುರಿತು ಮಾತ್ರ ಯೋಚಿಸಲಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಾರೂ ಚಿಕಿತ್ಸೆ ನಡೆಸದಂತೆ ನೋಡಿಕೊಳ್ಳಬೇಕೆಂದು ಮುಹ್ತಸಿಬ್ ಅಧಿಕಾರಿಗೆ ಆಜ್ಞಾಪಿಸಿದರು. ಪ್ರಸಿದ್ಧ ವೈದ್ಯ ಸಿನಾನ್ ಬಿನ್ ಸಾಬಿತ್ ಪರೀಕ್ಷಕರಾದರು. ಬಗ್ದಾದಿನಲ್ಲಿ 860ಕ್ಕೂ ಮಿಕ್ಕಿ ವೈದ್ಯರು ಪರೀಕ್ಷೆಗೊಳಗಾದರೆಂದು ಇತಿಹಾಸಕಾರ ಇಬ್ನುಲ್ ಕಿಫ್ತೀ ದಾಖಲಿಸಿದ್ದಾರೆ.

ಅವರೇ ಹೇಳಿರುವ ಇನ್ನೊಂದು ಪ್ರಸಂಗವೂ ಸ್ವಾರಸ್ಯಕರವಾಗಿದೆ. ಒಳ್ಳೆಯ ಉಡುಪಿನ, ಗಂಭೀರ ಮುಖದ ಒಬ್ಬ ವೃದ್ಧರು ಸಿನಾನ್‌ರ ಬಳಿಗೆ ಬಂದು, ತನಗೆ ಓದು ಬರಹ ಬರುವುದಿಲ್ಲ, ಸಂಸಾರ ಈ ವೃತ್ತಿಯಿಂದಲೇ ಸಾಗುತ್ತಿದೆ ಎಂದು ಬೇಡಿಕೊಂಡರು. ತನಗೆ ತಿಳಿಯದ ರೋಗಕ್ಕೆ ಕೈ ಹಾಕಬಾರದು, ಸಾಧಾರಣ ಕಾಯಿಲೆಗಳನ್ನು ಬಿಟ್ಟು ರಕ್ತ ತೆಗೆಯುವುದಕ್ಕಾಗಲಿ ಬಲವಾದ ಭೇದಿಯ ಮದ್ದಿಗಾಗಲಿ ಹೋಗಬಾರದು ಎಂಬ ಷರತ್ತಿನ ಮೇಲೆ ಸಿನಾನ್ ಅವರನ್ನು ಬಿಟ್ಟರು. ಮರುದಿನ ಒಬ್ಬ ಯುವಕ ಬಂದ. ಯಾರಲ್ಲಿ ಕಲಿತೆ ಎಂದು ಕೇಳಿದರೆ, ಆ ವೃದ್ಧರಲ್ಲೇ ಎಂದನಂತೆ!

ಅರಿವಿಲ್ಲದೆ ವೈದ್ಯವೃತ್ತಿಗೆ ಇಳಿಯುವವನು ಆಗುವ ಹಾನಿಗೆ ಹೊಣೆಗಾರನು ಎಂಬ ಅರ್ಥದ ಹದೀಸ್ ಅಬೂದಾವೂದ್, ನಸಾಈ ಮತ್ತು ಇಬ್ನುಮಾಜಃ ಸಂಗ್ರಹಗಳಲ್ಲಿದೆ. ಬಗ್ದಾದಿನ ಪರೀಕ್ಷೆಯನ್ನು ಈ ಹದೀಸ್‌ನ ಬೆಳಕಿನಲ್ಲಿ ಅರ್ಥಮಾಡಿಕೊಳ್ಳಬಹುದು. ಒಬ್ಬ ರೋಗಿ ಸತ್ತಾಗ, ಮುಂದಿನ ರೋಗಿಯನ್ನು ರಕ್ಷಿಸುವುದು ಹೇಗೆ ಎಂದು ಆ ಸಮಾಜ ಪ್ರಶ್ನಿಸಿತ್ತು.

ಒಂದೇ ಬಿಲದಿಂದ ಎಷ್ಟು ಸಲ?

ಸತ್ಯವಿಶ್ವಾಸಿ ಒಂದೇ ಬಿಲದಿಂದ ಎರಡು ಸಲ ಕಡಿಸಿಕೊಳ್ಳಲಾರನು ಎಂಬ ಅರ್ಥದ ಪ್ರವಾದಿ ವಚನ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಈಗ ನಮ್ಮ ಕಾಲದ ಒಂದು ನೈಜ ಘಟನೆಯನ್ನು ಈ ವಚನದೊಂದಿಗೆ ಇಟ್ಟು ನೋಡಿರಿ.

ವಿನ್‌ಕ್ರಿಸ್ಟೀನ್ ಎಂಬುದು ರಕ್ತದ ಕ್ಯಾನ್ಸರ್‌ಗೆ ಕೊಡುವ ಪ್ರಬಲ ಔಷಧಿ. ಅದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ರೋಗಿ ಬದುಕುಳಿಯುವುದು ಅತಿ ವಿರಳ. ಇದೇ ರೋಗಿಗಳಿಗೆ ಬೇರೊಂದು ಔಷಧಿಯನ್ನು ಬೆನ್ನಿಗೇ ಕೊಡಬೇಕಾಗುತ್ತದೆ. ಹಾಗಾಗಿ ಎರಡು ಸಿರಿಂಜುಗಳು ಒಂದೇ ಮೇಜಿನ ಮೇಲೆ ಸೇರಿಕೊಳ್ಳುವ ಅಪಾಯ ಸದಾ ಇರುತ್ತದೆ. 1985ರ ಬಳಿಕ ಬೆನ್ನುಹುರಿಗೆ ತಪ್ಪು ಔಷಧಿ ಕೊಟ್ಟದ್ದರಿಂದ ಬ್ರಿಟನ್ನಿನಲ್ಲಿ ಕನಿಷ್ಠ 13 ರೋಗಿಗಳು ಸತ್ತಿದ್ದರು ಅಥವಾ ಪಾರ್ಶ್ವವಾಯುವಿಗೆ ತುತ್ತಾಗಿದ್ದರೆಂದು 2000ದಲ್ಲಿ ಅಲ್ಲಿನ ಸರಕಾರದ ವರದಿಯೊಂದು ಹೇಳಿತು. 2001ರ ಕೊನೆಯೊಳಗೆ ಇಂತಹ ಘಟನೆಗಳನ್ನು ಸೊನ್ನೆಗಿಳಿಸಬೇಕೆಂಬ ಗುರಿಯನ್ನೂ ಇಟ್ಟಿತು.

ಆದರೆ 2001ರ ಜನವರಿಯಲ್ಲೇ ನಾಟಿಂಗ್‌ಹ್ಯಾಮ್ ನಗರದ ಆಸ್ಪತ್ರೆಯಲ್ಲಿ ಅದೇ ತಪ್ಪು ಮತ್ತೆ ನಡೆಯಿತು. ಹದಿನೆಂಟರ ಯುವಕನೊಬ್ಬ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತಿದ್ದ. ಒಬ್ಬ ಕಿರಿಯ ವೈದ್ಯ, ಆ ವಾರ್ಡಿಗೆ ಹೊಸದಾಗಿ ಬಂದಿದ್ದ ಹಿರಿಯ ವೈದ್ಯನ ಮೇಲ್ವಿಚಾರಣೆಯಲ್ಲಿ, ವಿನ್‌ಕ್ರಿಸ್ಟೀನನ್ನು ಆತನ ಬೆನ್ನುಹುರಿಗೆ ಚುಚ್ಚಿದ. ಒಂದು ತಿಂಗಳೊಳಗೆ ಯುವಕ ತೀರಿಕೊಂಡ.

ತನಿಖೆ ನಡೆದಾಗ ಏನು ಕಂಡುಬಂತು? ಎರಡೂ ಔಷಧಿಗಳು ಒಂದೇ ಹೊತ್ತಿಗೆ ವಾರ್ಡಿಗೆ ಬಂದಿದ್ದವು. ಎರಡೂ ಸಿರಿಂಜಿನಲ್ಲಿದ್ದವು, ಎರಡೂ ಬೆನ್ನಿನ ಸೂಜಿಗೆ ಸರಿಯಾಗಿ ಕೂರುತ್ತಿದ್ದವು. ಕಿರಿಯವನು ಹಿರಿಯವನಿಗೆ ಗೊತ್ತಿರಬೇಕೆಂದು ನಂಬಿದ. ಹಿರಿಯವನು ಆಸ್ಪತ್ರೆಯ ಪದ್ಧತಿ ಸರಿಯಿರಬೇಕೆಂದು ನಂಬಿದ. ಇದು ಒಬ್ಬಿಬ್ಬರ ಕೈತಪ್ಪಿನಿಂದ ಮಾತ್ರ ಆದ ಸಾವಲ್ಲ, ಹಲವು ಲೋಪಗಳು ಒಂದರೊಡನೊಂದು ಹೆಣೆದುಕೊಂಡು ಆದದ್ದು ಎಂದು ತನಿಖಾಧಿಕಾರಿ ಬರೆದರು.

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಿನ್‌ಕ್ರಿಸ್ಟೀನನ್ನು ಸಿರಿಂಜಿನಲ್ಲಿ ಕೊಡದೆ, ದ್ರವದಲ್ಲಿ ಬೆರೆಸಿ ಸಣ್ಣ ಚೀಲದಲ್ಲಿಟ್ಟು ರಕ್ತನಾಳಕ್ಕೆ ಹನಿಸಬೇಕೆಂದು ಸೂಚಿಸಿತು. ಚೀಲವನ್ನು ನೋಡಿದ ಯಾರಿಗೂ ಅದನ್ನು ಬೆನ್ನಿಗೆ ಚುಚ್ಚಬೇಕೆಂದು ತೋಚುವುದಿಲ್ಲ. ಎಚ್ಚರಿಕೆಯಿಂದಿರಿ ಎಂದು ಎಷ್ಟು ಸಲ ಹೇಳಿದರೂ ಮುಚ್ಚದ ಬಿಲವನ್ನು ಒಂದು ಸಣ್ಣ ಚೀಲ ಮುಚ್ಚಬಲ್ಲದು. ಅದು ಮೊದಲ ಸಾವಿನ ಬಳಿಕವೇ ಎಲ್ಲೆಡೆ ಜಾರಿಗೆ ಬಂದಿದ್ದರೆ ಎಷ್ಟು ಮನೆಗಳ ದೀಪಗಳು ಉಳಿಯುತ್ತಿದ್ದವು! ಆದರೆ ಒಂದು ಆಸ್ಪತ್ರೆಯ ಪಾಠ ಇನ್ನೊಂದು ಆಸ್ಪತ್ರೆಗೆ ತಲುಪಲಿಲ್ಲ. ಮುಚ್ಚಿಟ್ಟ ತಪ್ಪು ಯಾರಿಗೂ ಏನನ್ನೂ ಕಲಿಸುವುದಿಲ್ಲ.

ಹಿಂದಿನ ಸಾಲಿನವರ ಧ್ವನಿ

2005ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳು ಮೂಗಿನ ಸಾಧಾರಣ ಶಸ್ತ್ರಕ್ರಿಯೆಗೆ ದಾಖಲಾದಳು. ಅರಿವಳಿಕೆ ಕೊಟ್ಟ ಬಳಿಕ ಆಕೆಯ ಶ್ವಾಸಮಾರ್ಗ ಮುಚ್ಚಿಕೊಂಡಿತು. ಅನುಭವಿ ವೈದ್ಯರು ಗಂಟಲಿನೊಳಗೆ ಕೊಳವೆ ತೂರಿಸಲು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದರು. ಇಂತಹ ಸಮಯದಲ್ಲಿ ಕತ್ತಿನ ಮುಂಭಾಗದಲ್ಲಿ ರಂಧ್ರ ಕೊರೆದು ಉಸಿರಿಗೆ ದಾರಿ ಮಾಡಬೇಕೆಂಬುದು ಅವರಿಗೆ ಗೊತ್ತಿದ್ದ ವಿದ್ಯೆಯೇ. ಒಬ್ಬ ನರ್ಸ್ ಅದರ ಸಲಕರಣೆಯನ್ನು ತಂದಿಟ್ಟು ಸಿದ್ಧವಿದೆಯೆಂದೂ ಹೇಳಿದಳು. ವೈದ್ಯರು ಕಿವಿಗೊಡಲಿಲ್ಲ. ಇನ್ನೊಬ್ಬಳು ತುರ್ತು ನಿಗಾ ಘಟಕದಲ್ಲಿ ಹಾಸಿಗೆ ಕಾದಿರಿಸಿ, ಬಳಿಕ ತಾನು ಅತಿಯಾಗಿ ಹೆದರಿದೆನೇನೋ ಎಂದು ಅದನ್ನು ರದ್ದುಮಾಡಿದಳು. ಆ ತಾಯಿಗೆ ಮತ್ತೆ ಪ್ರಜ್ಞೆ ಬರಲಿಲ್ಲ. ಕೆಲವು ದಿನಗಳ ಬಳಿಕ ತೀರಿಕೊಂಡಳು.

ಆಕೆಯ ಪತಿ ಮಾರ್ಟಿನ್ ಬ್ರಾಮಿಲಿ ವಿಮಾನ ಚಾಲಕ. ವಿಮಾನ ದುರಂತವಾದರೆ ತನಿಖೆ ನಡೆಯುತ್ತದೆ, ಅದರ ಪಾಠ ಎಲ್ಲ ಚಾಲಕರಿಗೂ ತಲುಪುತ್ತದೆ. ಆಸ್ಪತ್ರೆಯಲ್ಲಿ ಏಕೆ ಹಾಗಿಲ್ಲ ಎಂದು ಅವರು ಕೇಳಿದರು. ವೈದ್ಯರ ಮೇಲೆ ಸೇಡು ತೀರಿಸಿಕೊಳ್ಳುವುದು ಅವರ ಉದ್ದೇಶವಾಗಿರಲಿಲ್ಲ. 2007ರಲ್ಲಿ ಈ ಕಾರ್ಯಕ್ಕಾಗಿಯೇ ಒಂದು ಸಂಘಟನೆಯನ್ನು ಸ್ಥಾಪಿಸಿದರು.

ಓದುಗರೇ, ನಮ್ಮ ನಮಾಝನ್ನು ನೆನಪಿಸಿಕೊಳ್ಳಿ. ಇಮಾಮ್ ರಕಅತ್‌ನ ಲೆಕ್ಕ ತಪ್ಪಿದರೆ ಹಿಂದೆ ನಿಂತವನು ಸುಮ್ಮನಿರಬೇಕೇ? ಸುಬ್‌ಹಾನಲ್ಲಾಹ್ ಎಂದು ಎಚ್ಚರಿಸಬೇಕು, ಸ್ತ್ರೀಯರು ಕೈತಟ್ಟಿ ಎಚ್ಚರಿಸಬೇಕು. ಒಮ್ಮೆ ಪ್ರವಾದಿವರ್ಯರು(ಸ) ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೇ ಮುಗಿಸಿದರು. ಅಲ್ಲಿ ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಉಮರ್(ರ) ಇದ್ದರು. ಗೌರವದ ಭಾರದಿಂದ ಮಾತಾಡಲು ಅವರಿಗೆ ಅಳುಕಾಯಿತು. ದುಲ್‌ಯದೈನ್ ಎಂದು ಕರೆಯಲ್ಪಡುತ್ತಿದ್ದ ಸಹಾಬಿಯೊಬ್ಬರು ಎದ್ದು, ನಮಾಝನ್ನು ಮೊಟಕುಗೊಳಿಸಲಾಗಿದೆಯೇ ಅಥವಾ ತಾವು ಮರೆತಿರೇ ಎಂದು ಕೇಳಿಯೇಬಿಟ್ಟರು. ಪ್ರವಾದಿವರ್ಯರು(ಸ) ಸಿಟ್ಟಾಗಲಿಲ್ಲ. ಇತರರಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡರು, ಉಳಿದ ನಮಾಝನ್ನು ಪೂರ್ಣಗೊಳಿಸಿದರು, ಮರೆವಿನ ಸುಜೂದ್ ನಿರ್ವಹಿಸಿದರು. ತಾನೂ ಮನುಷ್ಯನೇ, ಮರೆತಾಗ ನೆನಪಿಸಿರಿ ಎಂದು ಇನ್ನೊಂದು ಸಂದರ್ಭದಲ್ಲಿ ಅವರು ಸಂಗಡಿಗರಿಗೆ ಆದೇಶವನ್ನೇ ಕೊಟ್ಟಿದ್ದರು.

ಅಲ್ಲಾಹನ ಸಂದೇಶವಾಹಕರನ್ನೇ(ಸ) ಎಚ್ಚರಿಸಲು ಅವಕಾಶವಿದ್ದ ಈ ಧರ್ಮದಲ್ಲಿ, ಒಬ್ಬ ಸರ್ಜನ್ ತನ್ನ ನರ್ಸಿನ ಮಾತನ್ನು ಕೇಳದಿರಲು ಯಾವ ನೆಪವಿದೆ? ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಕ್ರಿಯೆಗಾಗಿ 19 ಅಂಶಗಳ ಒಂದು ಪಟ್ಟಿಯನ್ನು ಹೊರತಂದಿತು. ರೋಗಿ ಯಾರು, ಶಸ್ತ್ರಕ್ರಿಯೆ ಯಾವ ಭಾಗಕ್ಕೆ, ಅಲರ್ಜಿ ಇದೆಯೇ ಎಂಬುದನ್ನು ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳಬೇಕು. ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಿಕೊಳ್ಳಬೇಕೆಂಬುದೂ ಅದರಲ್ಲಿದೆ. ಒಮ್ಮೆ ಬಾಯಿ ತೆರೆದವನಿಗೆ ಎರಡನೇ ಸಲ ಮಾತಾಡಲು ಅಳುಕಿರುವುದಿಲ್ಲ. ದೆಹಲಿ, ಅಮ್ಮಾನ್, ಮನಿಲಾ, ಲಂಡನ್ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ ಶಸ್ತ್ರಕ್ರಿಯೆಯ ಬಳಿಕದ ಮರಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು.

ಮೂರು ನೆಪಗಳು

ತಪ್ಪನ್ನು ಮುಚ್ಚಿಡಲು ನಮ್ಮವರು ಕೆಲವೊಮ್ಮೆ ಧರ್ಮವನ್ನೇ ಆಸರೆಯಾಗಿ ಬಳಸುವುದುಂಟು. ಇದು ಅತ್ಯಂತ ಅಪಾಯಕಾರಿ.

ಮೊದಲನೆಯ ನೆಪ, ಎಲ್ಲವೂ ವಿಧಿ ಎಂಬುದು. ಸಾವು ಅಲ್ಲಾಹನ ನಿರ್ಣಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ವಿಶ್ವಾಸವು ಕಳೆದುಕೊಂಡವರಿಗೆ ಸಾಂತ್ವನವೇ ಹೊರತು ತಪ್ಪೆಸಗಿದವನಿಗೆ ಗುರಾಣಿಯಲ್ಲ. ಸಿರಿಯಾದಲ್ಲಿ ಪ್ಲೇಗ್ ಹರಡಿದಾಗ ಹಝ್ರತ್ ಉಮರ್(ರ) ದಾರಿಯಿಂದಲೇ ಮರಳಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಕೇಳಿದವರಿಗೆ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಎಚ್ಚರಿಕೆ ವಹಿಸುವುದೂ ವಿಧಿಯ ಭಾಗವೇ.

ಎರಡನೆಯ ನೆಪ, ಸಹೋದರನ ನ್ಯೂನತೆಯನ್ನು ಮುಚ್ಚಬೇಕು, ಹೇಳಿದರೆ ಪರದೂಷಣೆಯಾಗುತ್ತದೆ ಎಂಬುದು. ಮುಚ್ಚಬೇಕಾದದ್ದು ವ್ಯಕ್ತಿಯ ಖಾಸಗಿ ಲೋಪಗಳನ್ನು. ಇನ್ನೊಬ್ಬನ ಜೀವಕ್ಕೆ ಸಂಬಂಧಿಸಿದ ಹಕ್ಕನ್ನು ಮುಚ್ಚಲು ನಮಗೆ ಅಧಿಕಾರವಿಲ್ಲ. ಇಮಾಮ್ ನವವೀ(ರ) ರಿಯಾದುಸ್ಸಾಲಿಹೀನ್‌ನಲ್ಲಿ ಪರದೂಷಣೆಯಾಗದ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಕೆಡುಕಿನಿಂದ ಜನರನ್ನು ಎಚ್ಚರಿಸುವುದು ಅವುಗಳಲ್ಲಿ ಒಂದು. ಆದರೆ ಹೇಳಬೇಕಾದದ್ದು ಸರಿಪಡಿಸುವ ಅಧಿಕಾರವುಳ್ಳವರಲ್ಲಿ ಮತ್ತು ನೊಂದವರಲ್ಲಿ. ಊಟದ ಕೋಣೆಯ ಹರಟೆಯಲ್ಲಿ ಅಲ್ಲ.

ಮೂರನೆಯ ನೆಪ, ನನ್ನ ಉದ್ದೇಶ ಒಳ್ಳೆಯದಿತ್ತು ಎಂಬುದು. ಒಳ್ಳೆಯ ಉದ್ದೇಶವು ಪಾಪದಿಂದ ಪಾರು ಮಾಡಬಹುದು, ಹೊಣೆಯಿಂದ ಪಾರು ಮಾಡುವುದಿಲ್ಲ. ಅನ್ನಿಸಾ ಅಧ್ಯಾಯದ 92ನೇ ಸೂಕ್ತದಲ್ಲಿ ಪ್ರಮಾದದಿಂದಾದ ಕೊಲೆಯ ನಿಯಮವನ್ನು ನೋಡಿರಿ. ಕೊಲ್ಲುವ ಉದ್ದೇಶವಿರಲಿಲ್ಲ, ಆದರೂ ಪ್ರಾಯಶ್ಚಿತ್ತವಿದೆ, ಮೃತನ ಮನೆಯವರಿಗೆ ಪರಿಹಾರಧನವಿದೆ, ಅವರು ಸ್ವಇಚ್ಛೆಯಿಂದ ಬಿಟ್ಟುಕೊಟ್ಟರೆ ಮಾತ್ರ ಅದು ಬಿಡುಗಡೆ.

ಹೊಣೆಯನ್ನು ಹೊರುವವರು ಯಾರು?

ಹಿಜರಿ ಎಂಟನೇ ಶತಮಾನದ ವಿದ್ವಾಂಸರಾದ ಇಮಾಮ್ ಇಬ್ನುಲ್ ಕಯ್ಯಿಮ್(ರ) ಝಾದುಲ್ ಮಆದ್ ಎಂಬ ಕೃತಿಯಲ್ಲಿ ವೈದ್ಯರ ಹೊಣೆಯನ್ನು ವಿಂಗಡಿಸಿದ್ದಾರೆ. ನಿಪುಣನಾಗಿದ್ದು, ಅನುಮತಿ ಪಡೆದು, ವಿದ್ಯೆಯ ಹಕ್ಕನ್ನು ಪೂರ್ಣವಾಗಿ ಸಲ್ಲಿಸಿದ ಬಳಿಕವೂ ರೋಗಿಗೆ ಹಾನಿಯಾದರೆ ವೈದ್ಯನ ಮೇಲೆ ಹೊಣೆಯಿಲ್ಲ. ಅಜ್ಞಾನಿಯು ಹೊಣೆಗಾರ. ನಿಪುಣನೇ ಆದರೂ ಕೈ ಜಾರಿ ಆರೋಗ್ಯವಂತ ಅಂಗಕ್ಕೆ ಹಾನಿಯಾದರೆ ಪರಿಹಾರವಿದೆ. ಪರಿಹಾರದ ಮೊತ್ತ ದೊಡ್ಡದಾದರೆ ಅದನ್ನು ಆತನ ಬಂಧುಬಳಗ ಹಂಚಿಕೊಳ್ಳಬೇಕು. ಮದ್ದನ್ನು ನಿರ್ಣಯಿಸುವಲ್ಲಿ ನಿಪುಣನು ಎಡವಿದರೆ, ಅದನ್ನು ಸಾರ್ವಜನಿಕ ಖಜಾನೆಯಿಂದ ಕೊಡಬೇಕೆಂಬ ಅಭಿಪ್ರಾಯವೂ ಇದೆ.

ಇಲ್ಲಿರುವ ವಿವೇಕವನ್ನು ಗಮನಿಸಿರಿ. ನೊಂದವನ ಹಕ್ಕು ನಷ್ಟವಾಗಬಾರದು. ಪ್ರಾಮಾಣಿಕ ವೈದ್ಯನೂ ಒಂದೇ ತಪ್ಪಿನ ಭಾರಕ್ಕೆ ಕುಸಿದು ಹೋಗಬಾರದು. ಹೊರೆಯನ್ನು ಸಮಾಜ ಹಂಚಿಕೊಂಡಾಗ ಮಾತ್ರ ಸತ್ಯ ಹೇಳುವ ಧೈರ್ಯ ಬರುತ್ತದೆ. ನಮ್ಮ ದೇಶದ ಕಾನೂನೂ ಇದಕ್ಕೆ ದೂರವಿಲ್ಲ. 1995ರ ಸುಪ್ರೀಮ್ ಕೋರ್ಟ್ ತೀರ್ಪಿನಿಂದ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ಬಂತು, ನೊಂದವರು ಪರಿಹಾರ ಕೇಳಬಹುದು. ಆದರೆ ವೈದ್ಯನ ಪ್ರತಿಯೊಂದು ತಪ್ಪೂ ಕ್ರಿಮಿನಲ್ ಅಪರಾಧವಲ್ಲ, ಅದಕ್ಕೆ ಗಂಭೀರ ನಿರ್ಲಕ್ಷ್ಯವಿರಬೇಕು ಎಂದು ಅದೇ ಕೋರ್ಟು 2005ರಲ್ಲಿ ಸ್ಪಷ್ಟಪಡಿಸಿತು.

ತೌಬಾದ ಷರತ್ತುಗಳು ಮತ್ತು ನಮ್ಮ ಕರ್ತವ್ಯ

ತೌಬಾ ಸ್ವೀಕಾರವಾಗಬೇಕಾದರೆ ತಪ್ಪನ್ನು ನಿಲ್ಲಿಸಬೇಕು, ಪಶ್ಚಾತ್ತಾಪ ಪಡಬೇಕು, ಮರುಕಳಿಸುವುದಿಲ್ಲವೆಂದು ದೃಢ ನಿರ್ಧಾರ ಮಾಡಬೇಕು, ಇನ್ನೊಬ್ಬನ ಹಕ್ಕು ಒಳಗೊಂಡಿದ್ದರೆ ಅದನ್ನು ಮರಳಿಸಬೇಕು ಎಂದು ವಿದ್ವಾಂಸರು ವಿವರಿಸಿದ್ದಾರೆ. ಪ್ರಮಾದವು ಪಾಪವಲ್ಲದಿದ್ದರೂ ಸರಿಪಡಿಸುವ ದಾರಿ ಇದೇ. ರೋಗಿಗೆ ತಿಳಿಸದೆ ಅವನ ಹಕ್ಕನ್ನು ಮರಳಿಸುವುದು ಹೇಗೆ? ತಪ್ಪಿನ ಕಾರಣವನ್ನು ಹಾಗೆಯೇ ಉಳಿಸಿ, ಮರುಕಳಿಸುವುದಿಲ್ಲವೆಂದು ನಿರ್ಧರಿಸುವುದು ಹೇಗೆ?

ಆದ್ದರಿಂದ ಆರೋಗ್ಯ ಕ್ಷೇತ್ರದಲ್ಲಿರುವ ಸಹೋದರ ಸಹೋದರಿಯರು ಈ ಕೆಳಗಿನ ವಿಷಯಗಳನ್ನು ಗಮನದಲ್ಲಿಡಬೇಕು:

1. ತಪ್ಪು ಅರಿವಾದ ಕೂಡಲೇ ಮೊದಲು ರೋಗಿಯನ್ನು ರಕ್ಷಿಸಬೇಕು. ತಕ್ಷಣ ವೈದ್ಯರಿಗೆ ತಿಳಿಸಬೇಕು. ಬಾಟಲಿ, ಚೀಟಿಗಳನ್ನು ಎಸೆಯಬಾರದು, ದಾಖಲೆಯನ್ನು ತಿದ್ದಬಾರದು.

2. ರೋಗಿಯನ್ನು ಹಾಸಿಗೆಯ ನಂಬರಿನಿಂದ ಗುರುತಿಸಬಾರದು. ಹೆಸರನ್ನು ಅವನ ಬಾಯಿಯಿಂದಲೇ ಕೇಳಬೇಕು, ಜೊತೆಗೆ ಇನ್ನೊಂದು ಗುರುತನ್ನೂ ನೋಡಬೇಕು.

3. ಫೋನಿನಲ್ಲಿ ಹೇಳಿದ ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಬರೆದುಕೊಂಡು ಮರಳಿ ಓದಿ ಹೇಳಬೇಕು. ಸಂಶಯವಿದ್ದರೆ ಕೇಳಲು ನಾಚಬಾರದು.

4. ಅಂಕಿಗಳನ್ನು ಸ್ಪಷ್ಟವಾಗಿ ಬರೆಯಬೇಕು. ಅರ್ಧವನ್ನು 0.5 ಎಂದು ಬರೆಯಬೇಕು; ಸೊನ್ನೆ ಬಿಟ್ಟು ಬರೆದರೆ ಚುಕ್ಕೆ ಕಾಣದೆ 5 ಆಗಬಹುದು. ಇನ್ಸುಲಿನ್‌ನ ಯೂನಿಟ್ ಎಂಬ ಪದವನ್ನು ಒಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗಬಹುದು.

5. ನೇರವಾಗಿ ಕೊಟ್ಟರೆ ಹೃದಯವನ್ನೇ ನಿಲ್ಲಿಸಬಲ್ಲ ಸಾಂದ್ರ ಪೊಟ್ಯಾಸಿಯಮ್ ಕ್ಲೋರೈಡನ್ನು ಇತರ ಔಷಧಿಗಳ ಪಕ್ಕದಲ್ಲಿಡಬಾರದು.

ಆಸ್ಪತ್ರೆಯ ಮುಖ್ಯಸ್ಥರ ಹೊಣೆ ಇನ್ನೂ ದೊಡ್ಡದು. ತಪ್ಪನ್ನು ಒಪ್ಪಿಕೊಂಡ ನರ್ಸನ್ನು ಮರುದಿನವೇ ಮನೆಗೆ ಕಳುಹಿಸಿದರೆ ಉಳಿದವರೆಲ್ಲ ಏನು ಕಲಿಯುತ್ತಾರೆ? ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತಾರೆ. ಒಬ್ಬಳ ಮೇಲೆ ಮೂವತ್ತು ರೋಗಿಗಳ ಭಾರ ಹೊರಿಸಿದವರು ಆಕೆಯ ತಪ್ಪಿನ ಪಾಲುದಾರರು ಎಂಬುದನ್ನು ಮರೆಯಬಾರದು. ಆದರೆ ಕುಡಿದು ಬಂದವನನ್ನೂ, ತಿಳಿದೂ ನಿಯಮ ಮುರಿದವನನ್ನೂ, ದಾಖಲೆ ತಿದ್ದಿದವನನ್ನೂ ಪ್ರಮಾದವೆಸಗಿದವರ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ರೋಗಿಯ ಮನೆಯವರಾದ ನಮಗೂ ಕರ್ತವ್ಯವಿದೆ. ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಎಲ್ಲ ಮದ್ದುಗಳನ್ನು, ನಾಟಿ ಮದ್ದನ್ನೂ ಸೇರಿಸಿ, ವೈದ್ಯರಿಗೆ ತೋರಿಸಬೇಕು. ಯಾವ ಇಂಜೆಕ್ಷನ್, ಯಾಕೆ ಎಂದು ವಿನಯದಿಂದ ಕೇಳಬೇಕು. ಅನಾಹುತವಾದಾಗ ಗುಂಪು ಕಟ್ಟಿ ಆಸ್ಪತ್ರೆಗೆ ನುಗ್ಗುವುದು ಇಸ್ಲಾಮಿನ ದಾರಿಯಲ್ಲ. ಕರ್ನಾಟಕದಲ್ಲಿ 2009ರ ಕಾನೂನಿನ ಪ್ರಕಾರ ಅದು ಅಪರಾಧವೂ ಹೌದು. ಒಡೆದ ಗಾಜಿನ ಮುಂದೆ ಯಾರೂ ಸತ್ಯ ಹೇಳುವುದಿಲ್ಲ. ಹಕ್ಕನ್ನು ಕೇಳಿರಿ, ದಾಖಲೆಗಳನ್ನು ಕೇಳಿರಿ, ಬೇಕಾದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಿರಿ. ಅದು ಸಹನೆಗೆ ವಿರುದ್ಧವಲ್ಲ. ಆದರೆ ಎದುರಿಗಿರುವವರು ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರೆ, ಕ್ಷಮಿಸುವವನಿಗೆ ಅಲ್ಲಾಹನ ಬಳಿ ದೊಡ್ಡ ಪ್ರತಿಫಲವಿದೆ ಎಂಬುದನ್ನೂ ನೆನಪಿಡಿರಿ.

ಈಗ ಆ ರಾತ್ರಿಯ ನರ್ಸಿನ ಬಳಿಗೆ ಮರಳೋಣ. ಯಾರೂ ನೋಡಿಲ್ಲ ಎಂದು ನಾವು ಹೇಳಿದೆವು. ಅದು ನಿಜವೇ? ಎಲ್ಲವನ್ನೂ ನೋಡುವವನು ನೋಡಿದ್ದಾನೆ. ಆಕೆಯ ಕೈ ತಪ್ಪಿದ್ದನ್ನೂ ನೋಡಿದ್ದಾನೆ, ಅದರ ಹಿಂದೆ ಕೆಟ್ಟ ಉದ್ದೇಶವಿರಲಿಲ್ಲ ಎಂಬುದನ್ನೂ ಬಲ್ಲನು. ಇಷ್ಟರವರೆಗೆ ನಡೆದದ್ದು ಪ್ರಮಾದ. ಇನ್ನು ಮುಂದೆ ಡಬ್ಬಿಯನ್ನು ಮುಚ್ಚಿದರೆ ಅದು ಆಕೆ ಆರಿಸಿಕೊಂಡ ಕರ್ಮವಾಗುತ್ತದೆ. ಮಲಗಿರುವ ಆ ರೋಗಿಯ ಜೀವವೆಂಬ ಅಮಾನತ್ತಿಗೆ ಬಗೆದ ದ್ರೋಹವಾಗುತ್ತದೆ. ಒಂದು ಜೀವವನ್ನು ಉಳಿಸಿದವನು ಸಕಲ ಮಾನವರನ್ನು ಉಳಿಸಿದಂತೆ ಎಂಬ ಅಲ್‌ಮಾಇದಃ ಅಧ್ಯಾಯದ ಬೋಧನೆಯನ್ನು ನಂಬಿದವಳಾದರೆ, ಆಕೆ ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ವೈದ್ಯರ ಕೋಣೆಯ ಬಾಗಿಲನ್ನು ತಟ್ಟುವಳು.

ಆ ಬಾಗಿಲು ತೆರೆದಾಗ ಎದುರಿಗಿರುವವನು ಮೊದಲು ರೋಗಿಯ ಬಳಿಗೆ ಓಡುವವನಾಗಿರಲಿ, ಬೈಗಳನ್ನು ಬಾಯಲ್ಲೇ ನುಂಗುವವನಾಗಿರಲಿ. ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವನ್ನೂ, ಒಪ್ಪಿಕೊಂಡವರನ್ನು ನ್ಯಾಯದಿಂದ ಕಾಣುವ ವಿವೇಕವನ್ನೂ, ಒಂದೇ ಬಿಲದಿಂದ ಮತ್ತೆ ಕಡಿಸಿಕೊಳ್ಳದ ಎಚ್ಚರವನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.